ಗಣಕಯಂತ್ರದ ದನಿ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನಡೆಯುವ ಭರತ ಹುಣ್ಣಿಮೆಯ ಜಾತ್ರೆ ನಾಡಿಗೆಲ್ಲ ಪರಿಚಿತವಾದುದು. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸಾಗರದ ಗದ್ದಲವೆಲ್ಲ ಅಡಗುತ್ತದೆ. ಆತ ನುಡಿಯುವುದು ಒಂದೇ ಮಾತು, ಅದೇ ಕಾರಣಿಕ. ಮಳೆಬೆಳೆಗಳ ವಿಚಾರವಾಗಿ ಅದು ಏನನ್ನು ಸೂಚಿಸುತ್ತದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕು. ಆ ಕಾರಣಿಕವನ್ನು ಧ್ವನಿಮುದ್ರಿಸಿಕೊಂಡು ಬಂದು ಗಣಕಯಂತ್ರದಲ್ಲಿ ಕೇಳಬಯಸಿದವನಿಗೆ ಒಮ್ಮೊಮ್ಮೆ ಏನೂ ಕೇಳಿಸದಿರುವುದುಂಟು. ಮುದ್ರಿಕೆಯಲ್ಲಿ ದೋಷವಿಲ್ಲ, ಸ್ಪೀಕರೂ ಕೆಟ್ಟಿಲ್ಲ. ಇಲ್ಲಿಯೂ ಅರ್ಥ ಬಿಡಿಸಿ ಹೇಳುವವನೊಬ್ಬನ ಕೊರತೆಯಿದೆ.

ಗಣಕಯಂತ್ರದಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡನ್ನು 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಈ ಅಂಕಿಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸುವುದು ಸೌಂಡ್ ಕಾರ್ಡಿನ ಕೆಲಸ. ಆದರೆ ಒಂದೊಂದು ಕಾರ್ಡಿನ ಭಾಷೆ ಒಂದೊಂದು ಬಗೆ. ಕಾರ್ಯವ್ಯವಸ್ಥೆಯ ಆಜ್ಞೆಗಳನ್ನು ಆ ಭಾಷೆಗೆ ತಿರುಗಿಸುವ ದುಭಾಷಿಯೇ ‘ಡ್ರೈವರ್’ ಎಂಬ ತಂತ್ರಾಂಶ.

ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದನು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕಾರ್ಡು ತಯಾರಿಸುವವರಾದರೋ ಬಹುಮಟ್ಟಿಗೆ ವಿಂಡೋಸಿಗೆ ಮಾತ್ರ ಡ್ರೈವರ್ ಬರೆದುಕೊಟ್ಟು, ಕಾರ್ಡಿನ ಒಳಗುಟ್ಟನ್ನು ತಮ್ಮಲ್ಲೇ ಇರಿಸಿಕೊಂಡರು. ಆದುದರಿಂದ ಅನೇಕ ಕಾರ್ಡುಗಳ ಭಾಷೆಯನ್ನು ಸ್ವಯಂಸೇವಕರು ಊಹಿಸಿ, ಪರೀಕ್ಷಿಸಿ ಕಲಿಯಬೇಕಾಯಿತು. ಚೆಕ್ ದೇಶದ ಯಾರೋಸ್ಲಾವ್ ಕಿಸೆಲಾ 1998ರಲ್ಲಿ ಆರಂಭಿಸಿದ ‘ಆಲ್ಸಾ’ ಎಂಬ ಯೋಜನೆ ಈ ಶ್ರಮದ ಫಲ. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸಿನ 2.6ನೆಯ ಆವೃತ್ತಿಯಲ್ಲಿ ಅದಕ್ಕೆ ಪ್ರಧಾನ ಸ್ಥಾನ ದೊರೆಯಿತು.

2004ರಲ್ಲಿ ಇಂಟೆಲ್ ಸಂಸ್ಥೆಯು ಧ್ವನಿಯಂತ್ರಗಳಿಗೆ ಸಮಾನ ಕಟ್ಟಳೆಯೊಂದನ್ನು ಪ್ರಕಟಿಸಿದಾಗ ತೊಡಕು ತೀರಿತೆಂದೇ ತೋರಿತು. ತೀರಲಿಲ್ಲ. ಒಂದೇ ಚಿಪ್ಪನ್ನು ಕೊಂಡ ಇಬ್ಬರು ತಯಾರಕರು ಅದರ ತಂತಿಗಳನ್ನು ಎರಡು ರೀತಿಯಾಗಿ ಜೋಡಿಸುತ್ತಾರೆ. ಒಬ್ಬನ ಯಂತ್ರದಲ್ಲಿ ಸ್ಪೀಕರಿಗೆ ಹೋಗುವ ಕಾಲು ಇನ್ನೊಬ್ಬನ ಯಂತ್ರದಲ್ಲಿ ಬರಿದಾಗಿರುತ್ತದೆ. ಯಾವ ಕಾಲು ಎಲ್ಲಿಗೆ ಎಂಬುದನ್ನು ಯಂತ್ರವೇ ತಿಳಿಸಬೇಕು; ಅದು ತಪ್ಪು ತಿಳಿಸಿದರೆ ತಯಾರಕನು ವಿಂಡೋಸ್ ಡ್ರೈವರಿನಲ್ಲಿ ಸದ್ದಿಲ್ಲದೆ ತಿದ್ದಿಕೊಳ್ಳುತ್ತಾನೆ. ಲಿನಕ್ಸಿನವರು ಇಂತಹ ಮಾದರಿಗಳಿಗಾಗಿ ಉದ್ದನೆಯ ಪಟ್ಟಿಯೊಂದನ್ನೇ ಇಟ್ಟುಕೊಂಡು, ಹೊಸ ಮಾದರಿ ಬಂದಂತೆಲ್ಲ ಸಾಲು ಸೇರಿಸುತ್ತ ಬಂದಿದ್ದಾರೆ. ಸಾಲು ಸೇರುವವರೆಗೆ ಹೊಸ ಯಂತ್ರವು ಮೂಕವಾಗಿಯೇ ಇರಬಹುದು.

ಹಾಡು ಕೇಳುವವನಿಗೆ ಇದು ಕೇವಲ ಕಿರಿಕಿರಿ. ದೃಷ್ಟಿಯಿಲ್ಲದವನಿಗೆ ಹಾಗಲ್ಲ. ಲಿನಕ್ಸಿನಲ್ಲಿ ‘ಓರ್ಕಾ’ ಎಂಬ ತಂತ್ರಾಂಶವು ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ‘ಇಸ್ಪೀಕ್’ ಎಂಬುದರ ನೆರವಿನಿಂದ ಕನ್ನಡವನ್ನೂ ಓದಬಲ್ಲುದು. ಇವೆರಡಕ್ಕೂ ಬೆಲೆ ತೆರಬೇಕಾಗಿಲ್ಲ. ಆದರೆ ಸೌಂಡ್ ಕಾರ್ಡು ಮಾತನಾಡದಿದ್ದರೆ ಅವನ ಪಾಲಿಗೆ ಪರದೆಯೇ ಕತ್ತಲಾದಂತೆ. ಅದನ್ನು ಸರಿಪಡಿಸುವ ಸೂಚನೆಗಳೂ ಆ ಪರದೆಯ ಮೇಲೆಯೇ ಇರುತ್ತವೆ; ಅವನ್ನು ಓದಿ ಹೇಳಲು ಅವನು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ.