ನೆಲ ನೋಡಿ ಕಟ್ಟುವ ಬಾಜಿ

ಸಂಕ್ರಾಂತಿ ಹೊತ್ತಿಗೆ ಕೆಂಗಲ್ಲಿನ ಅಯ್ಯನಗುಡಿ ಬಯಲಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಜೋಡಿ ಕೊಳ್ಳಲು ಬಂದವನು ಹಲ್ಲು ಬಿಡಿಸಿ ನೋಡುತ್ತಾನೆ, ಸುಳಿ ನೋಡುತ್ತಾನೆ. ಅಷ್ಟಕ್ಕೇ ಟವಲಿನಡಿ ಕೈ ಹಾಕಿ ಬೆರಳು ಹಿಡಿಯುವುದಿಲ್ಲ. ಹತ್ತು ಹೆಜ್ಜೆ ನಡೆಸಿ, ಗೊರಸು ನೆಲಕ್ಕೆ ಹೇಗೆ ಕೂರುತ್ತದೆ ಎಂದು ನೋಡಿದ ಮೇಲೆಯೇ ವ್ಯಾಪಾರ. ಕಾಲು ಒಂದು ಕಡೆ, ನೆಲ ಒಂದು ಕಡೆ. ಎರಡೂ ಸೇರಿದಾಗಲೇ ಪ್ರಾಣಿಯ ಬೆಲೆ ಎಂಬುದು ಅವನಿಗೆ ಯಾರೂ ಹೇಳಿಕೊಡದ ಲೆಕ್ಕ.

ಇದೇ ಲೆಕ್ಕದ ಮೇಲೆ ನಿಂತ ಇನ್ನೊಂದು ಲೋಕ ಕೆಂಗಲ್ಲಿನ ಎರಡೂ ಕಡೆಗಿದೆ. ಗುಡಿಯ ಪಕ್ಕದ ರಸ್ತೆಯ ಒಂದು ತುದಿಗೆ ಬೆಂಗಳೂರಿನ ರೇಸ್‌ಕೋರ್ಸು, ಇನ್ನೊಂದು ತುದಿಗೆ ಚಾಮುಂಡಿ ಬೆಟ್ಟದ ಬುಡದ ಮೈಸೂರು ರೇಸ್‌ಕೋರ್ಸು. ಎರಡರಲ್ಲೂ ಈಗ ನಡೆಯುವುದು ಸಪಾಟು ಓಟ, ಅಡ್ಡ ಬೇಲಿಯಿಲ್ಲ. ಆದರೆ ನೆಲಕ್ಕೂ ಬಾಜಿಗೂ ನಂಟು ಎಷ್ಟು ಬಿಗಿಯಾದದ್ದು ಎಂದು ತಿಳಿಯಬೇಕಾದರೆ ಬೇಲಿ ಹಾರುವ ಓಟದ ಹುಟ್ಟಿಗೇ ಹೋಗಬೇಕು.

1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯ ಇಬ್ಬರು ಗೆಳೆಯರು ಬಾಜಿ ಕಟ್ಟಿದರಂತೆ. ಬಟ್ಟೆವಂಟ್ ಊರಿನ ಚರ್ಚಿನಿಂದ ಡೋನರೇಲ್ ಊರಿನ ಚರ್ಚಿನವರೆಗೆ, ಹೆಚ್ಚುಕಮ್ಮಿ ಏಳು ಕಿಲೋಮೀಟರು, ಯಾರ ಕುದುರೆ ಮೊದಲು? ದಾರಿಯೆಂಬುದಿಲ್ಲ. ದೂರದ ಗೋಪುರವೇ ಗುರಿ. ನಡುವೆ ಸಿಕ್ಕ ಹೊಲ, ಹಳ್ಳ, ಕಲ್ಲುಗೋಡೆ ಎಲ್ಲ ಹಾರಿಯೇ ಹೋಗಬೇಕು. ಸ್ಟೀಪಲ್‌ಚೇಸ್ ಎಂಬ ಹೆಸರು ಬಂದದ್ದು ಆ ಗೋಪುರದಿಂದ. ನೋಡುವ ಜನ ಹೆಚ್ಚಿದಂತೆ ಹೊಲದ ಬೇಲಿಗಳೆಲ್ಲ ಒಂದು ಮೈದಾನದೊಳಕ್ಕೆ ಬಂದವು. ನಡೆದ ದಾರಿಯ ಅಡೆತಡೆ ಕಟ್ಟಿಸಿದ ಅಡೆತಡೆಯಾಯಿತು. ಗ್ರ್ಯಾಂಡ್ ನ್ಯಾಷನಲ್ ಎಂಬ ಬೇಲಿ ಓಟ ನಡೆಯುವ ಲಿವರ್‌ಪೂಲಿನ ಏಂಟ್ರಿ ಅಂಥ ಮೈದಾನ. 1839ರಲ್ಲಿ ಅಲ್ಲಿ ಗೆದ್ದ ಕುದುರೆಯ ಹೆಸರೇ ಲಾಟರಿ! ಅದೇ ಓಟದಲ್ಲಿ ಒಂದು ಬೇಲಿಯ ಬಳಿ ತೊರೆಗೆ ಬಿದ್ದ ಕ್ಯಾಪ್ಟನ್ ಬೆಚರ್ ಹೆಸರು ಆ ಬೇಲಿಗೆ ಇಂದಿಗೂ ಅಂಟಿಕೊಂಡಿದೆ. ಗೆದ್ದವನಿಗಿಂತ ಬಿದ್ದವನನ್ನು ನೆನೆಯುವ ಆಟ ಅಪರೂಪ.

ಬಾಜಿಗೆ ನೆಲ ಏನು ಮಾಡಬಲ್ಲದು ಎಂಬುದಕ್ಕೆ ಏಂಟ್ರಿಯ 1928ರ ಓಟ ಸಾಕು. ಮಂಜು ಕವಿದಿತ್ತು, ನೆಲ ಕೆಸರು. ಹೊರಟ ಕುದುರೆಗಳು 42. ಈಸ್ಟರ್ ಹೀರೋ ಎಂಬ ಕುದುರೆ ತಿರುವಿನ ಬೇಲಿಯ ಮೇಲೆ ಸಿಕ್ಕಿಹಾಕಿಕೊಂಡು, ಹಿಂದೆ ಬಂದವೆಲ್ಲ ಒಂದರ ಮೇಲೊಂದು ತಡೆದು ನಿಂತವು. ಗುರಿ ಮುಟ್ಟಿದ್ದು ಎರಡೇ. ಅದರಲ್ಲೂ ಒಂದು ಬಿದ್ದೆದ್ದು ಬಂದದ್ದು. ಬೀಳದೆ ಬಂದ ಟಿಪ್ಪರರಿ ಟಿಮ್ ಗೆದ್ದಿತು. ಅದರ ಮೇಲೆ ಕಟ್ಟಿದವರಿಗೆ ಒಂದಕ್ಕೆ ನೂರು. ಆ ತಿರುವಿನ ಕಂದಕವನ್ನು ಆಮೇಲೆ ಮುಚ್ಚಿಸಿದರು.

ಕುದುರೆಯ ತೂಕ ಸುಮಾರು 500 ಕಿಲೋ. ನಾಗಾಲೋಟದಲ್ಲಿ ಒಂದೊಂದು ಮುಂಗಾಲಿನ ಮೇಲೆ ಅದರ ಎರಡೂವರೆ ಪಟ್ಟು ಭಾರ ಬೀಳುತ್ತದೆ. ಬೇಲಿ ಹಾರಿ ಇಳಿಯುವಾಗಲೂ ಮೊದಲು ನೆಲ ಮುಟ್ಟುವುದು ಒಂದೇ ಮುಂಗಾಲು. ನೆಲ ಗಟ್ಟಿಯಾದರೆ ಪೆಟ್ಟು ಮೂಳೆಗೆ, ಸ್ನಾಯುರಜ್ಜುವಿಗೆ. ಕೆಸರಾದರೆ ಪೆಟ್ಟು ಕಡಿಮೆ, ದಣಿವು ಹೆಚ್ಚು. ದಣಿದ ಕುದುರೆ ಕೊನೆಯ ಬೇಲಿಗಳಲ್ಲಿ ಕಾಲು ಎತ್ತಲಾರದೆ ಮುಗ್ಗರಿಸುತ್ತದೆ. ಓಟ ಸಮವಾಗಲೆಂದು ಬೆನ್ನ ಮೇಲೆ ಹೆಚ್ಚು ಭಾರ ಹೊತ್ತ ಒಳ್ಳೆಯ ಕುದುರೆಗೇ ಕೆಸರು ಮುಳುವಾಗುವುದೂ ಇದರಿಂದಲೇ. ಇಂಗ್ಲೆಂಡಿನಲ್ಲಿ ಬೇಲಿ ಓಟದ ಮುಖ್ಯ ಕಾಲ ನೆಲ ಮೆತ್ತಗಿರುವ ಚಳಿಗಾಲವಾದದ್ದು ಸುಮ್ಮನೆ ಅಲ್ಲ. ಕುದುರೆ ಕಂಡರೆ ಕಾಲುನೋವು ಎಂದು ಸೋಮಾರಿಗೆ ಹೇಳುತ್ತೇವೆ. ನಿಜವಾದ ಕಾಲುನೋವು ಯಾರದು ಎಂದು ಆ ಗಾದೆ ಕೇಳಲಿಲ್ಲ.

ಕೇಳುವವರು ಬಂದದ್ದು ತಡವಾಗಿ. ಏಂಟ್ರಿಯ ಬೇಲಿಗಳೊಳಗಿನ ಗಟ್ಟಿ ಮರವನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಕಡ್ಡಿ ಇಟ್ಟದ್ದು 2013ರ ಓಟಕ್ಕೆ. ಓಡುವ ಕುದುರೆಗಳನ್ನು 40ರಿಂದ 34ಕ್ಕೆ ಇಳಿಸಿದ್ದು 2024ರಲ್ಲಿ. ಬೇಲಿಗೆ ಬಳಿಯುತ್ತಿದ್ದ ಕಿತ್ತಳೆ ಬಣ್ಣ ಕುದುರೆಯ ಕಣ್ಣಿಗೆ ಹಸಿರಿನಿಂದ ಬೇರೆಯಾಗಿ ಕಾಣುವುದೇ ಕಷ್ಟ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು ತೋರಿಸಿದ ಮೇಲೆ ಬಿಳಿ ಬಳಿದರು. ಅಷ್ಟು ವರ್ಷ ಆ ಬಣ್ಣ ಚೆನ್ನಾಗಿ ಕಾಣುತ್ತಿದ್ದದ್ದು ಸವಾರನಿಗೆ.

ನಮ್ಮಲ್ಲಿ ಬೇಲಿ ಹಾರುವ ವಿದ್ಯೆ ರೇಸ್‌ಕೋರ್ಸಿನ ಹೊರಗೆ, ಬಾಜಿಯ ಗೊಡವೆಯಿಲ್ಲದೆ ಬೆಳೆಯಿತು. ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನಕ್ಕೆ ಬಂದರು. ಅದೇ ಟೋಕಿಯೊದಲ್ಲಿ ಬೇಲಿ ಹಾರುವ ಬಯಲು ಓಟದಲ್ಲಿ ಕಾಲಿಗೆ ಪೆಟ್ಟಾದ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಗೆ ದಯಾಮರಣ ಕೊಡಬೇಕಾಯಿತು.

ರೇಸ್‌ಕೋರ್ಸಿನಲ್ಲಿ ಉಳಿದದ್ದು ಬಾಜಿಯ ಮಾತು, ನೆಲದ ಮಾತು.  ಕುದುರೆ ಬಾಲಕ್ಕೆ ದುಡ್ಡು ಕಟ್ಟುವುದು ಬರೀ ಅದೃಷ್ಟವೋ, ಬುದ್ಧಿಯೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1996ರಲ್ಲಿ ಕುದುರೆ ರೇಸು ಕೌಶಲದ ಆಟವೆಂದು ತೀರ್ಪಾಯಿತು. ತೀರ್ಪು ಏನೇ ಇರಲಿ, ಮನೆ ಮಾರಿಕೊಂಡವನಿಗೆ ಆ ಕೌಶಲ ಯಾವ ಲೆಕ್ಕಕ್ಕೂ ಬರಲಿಲ್ಲ ಅನ್ನುವುದು ನನ್ನ ತಕರಾರು.

ರೇಸಿನ ದಿನ ಪೆನೆಟ್ರೋಮೀಟರ್ ಎಂಬ ಸಲಾಕೆಯನ್ನು ಹುಲ್ಲಿಗೆ ಊರಿ, ಮೇಲಿಂದ ಗುಂಡು ಬಿಟ್ಟು, ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗೆ. ಕಟ್ಟುವವರು ಅದನ್ನು ಓದಿಕೊಂಡೇ ಕೆಸರಿಗೆ ಒಗ್ಗುವ ಕುದುರೆ ಯಾವುದೆಂದು ಹಳೆಯ ಪುಸ್ತಕ ತಿರುವುತ್ತಾರೆ. ಮೈಸೂರಿನ ಮುಖ್ಯ ರೇಸುಗಳು ನಡೆಯುವುದು ಮಳೆಗಾಲದಲ್ಲಿ. ಬೆಳಿಗ್ಗೆ ಬರೆದ ಅಂಕಿ ಮಧ್ಯಾಹ್ನಕ್ಕೆ ಸುಳ್ಳಾಗಬಹುದು. ಮೂರನೇ ರೇಸಿಗೆ ಇನ್ನೂ ಹೊತ್ತಿರುವಾಗ ಬುಕ್ಕಿಯ ಹಲಗೆ ಬಿಟ್ಟು ಒಬ್ಬೊಬ್ಬರೇ ತಲೆಯೆತ್ತಿ ಚಾಮುಂಡಿ ಬೆಟ್ಟದ ಕಡೆ ನೋಡುತ್ತಾರೆ, ಮೋಡ ಇಳಿಯಿತೇ ಎಂದು.