ಜಿಂಕ್ ಚೀಲದೊಳಗಿನ ನೀರು

ಪ್ರಶ್ನೆ: ಮಾಧವರಂನ ನಮ್ಮ ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ತರಲು ಹೋದರೆ ಒಂದು ಚೀಲದ ಮೇಲೆ ಜಿಂಕ್ 21%, ಇನ್ನೊಂದರ ಮೇಲೆ 33% ಎಂದಿರುತ್ತದೆ. ಯಾಕೆ?

ಉತ್ತರ: ವ್ಯತ್ಯಾಸ ನೀರಿನದು. ಮೊದಲನೆಯದರ ಹರಳಿನಲ್ಲಿ ಪ್ರತಿ ಜಿಂಕ್ ಸಲ್ಫೇಟಿಗೆ 7 ನೀರಿನ ಅಣುಗಳಿವೆ, ಎರಡನೆಯದರಲ್ಲಿ ಒಂದೇ. ಮುಟ್ಟಿದರೆ ಒಣಗಿದಂತೆಯೇ ಇರುವ ಆ ಮೊದಲ ಹರಳಿನ ತೂಕದಲ್ಲಿ ಸುಮಾರು 44% ನೀರು!

ಪ್ರಯೋಗಾಲಯದಲ್ಲಿ ಈ ನೀರಿನ ಲೆಕ್ಕ ಹೀಗೆ: ಅದೇ ಹರಳನ್ನು 2.87 ಗ್ರಾಂ ತೆಗೆದುಕೊಂಡು ಮೂಸೆಯಲ್ಲಿ ಕಾಯಿಸಿದರೆ 1.61 ಗ್ರಾಂ ಬಿಳಿ ಪುಡಿ ಉಳಿಯುತ್ತದೆ. ಹೋದ 1.26 ಗ್ರಾಂ ನೀರನ್ನು ಅದರ ಮೋಲಾರ್ ದ್ರವ್ಯರಾಶಿ 18ರಿಂದ ಭಾಗಿಸಿದರೆ 0.07 ಮೋಲ್, ಪುಡಿಯನ್ನು ಅದರ ಮೋಲಾರ್ ದ್ರವ್ಯರಾಶಿ 161ರಿಂದ ಭಾಗಿಸಿದರೆ 0.01. ಅನುಪಾತ 7. ಆದರೆ ಕೊನೆಯ ನೀರಿನ ಅಣು ಬಹಳ ಬಿಗಿಯಾಗಿ ಕೂತಿರುತ್ತದೆ, 200 ಡಿಗ್ರಿ ದಾಟಿದರೂ ಬೇಗ ಬಿಡುವುದಿಲ್ಲ. ಹಾಗಾಗಿ ತೂಕ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ಕಾಯಿಸಿ ತೂಗಬೇಕು.

ಅಂಗಡಿಯಲ್ಲಿ ಚೀಲದ ಬೆಲೆ ಹೋಲಿಸಬೇಡಿ, ಜಿಂಕಿನ ಬೆಲೆ ಹೋಲಿಸಿ: 10 ಕಿಲೋದಲ್ಲಿ ಒಂದು ಕೊಡುವುದು 2.1 ಕಿಲೋ, ಇನ್ನೊಂದು 3.3.