ಇಲಿಗಳೂ ಹಾಡುವ ನಾಟಕ

ಪರೀಕ್ಷೆಯ ಭೀತಿ ಕಳೆದು, ಮಾವಿನಕಾಯಿ ಇನ್ನೂ ಹಣ್ಣಾಗದಿರುವ ಏಪ್ರಿಲ್ ನಡುವಿನ ಸಂಧಿಕಾಲದಲ್ಲಿ ನಮ್ಮ ನಾಡಿನ ಎಷ್ಟೋ ಊರುಗಳ ರಂಗಮಂದಿರಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಮಕ್ಕಳ ಬೇಸಿಗೆ ಶಿಬಿರಗಳು ಆರಂಭವಾಗುತ್ತವೆ. ಮಣ್ಣಿನ ಗೊಂಬೆ, ಕಾಗದದ ಮುಖವಾಡ, ಕಥೆ, ಆಟ ಇವೆಲ್ಲ ಇದ್ದರೂ ಶಿಬಿರದ ದಿನಗಳೆಲ್ಲ ಕಡೆಯ ಸಂಜೆಯ ನಾಟಕದ ಕಡೆಗೇ ಹರಿಯುತ್ತಿರುತ್ತವೆ. ಆ ನಾಟಕವು ಬಹುಮಟ್ಟಿಗೆ ಹಾಡಿನ ನಾಟಕವೇ ಆಗಿರುತ್ತದೆ.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬರಿಯ ಮಾತಿನ ನಾಟಕದಲ್ಲಿ ಐದಾರು ಮಕ್ಕಳಿಗೆ ಮಾತು ದೊರೆತು, ಉಳಿದ ಐವತ್ತು ಮಕ್ಕಳು ಮರಗಳಾಗಿಯೋ ಕಾವಲುಗಾರರಾಗಿಯೋ ಮೂಕರಾಗಿ ನಿಲ್ಲಬೇಕಾಗುತ್ತದೆ. ಹಾಡಿನ ನಾಟಕದಲ್ಲಾದರೋ ಮೇಳವೇ ಒಂದು ಪಾತ್ರವಾಗುವುದರಿಂದ ರಂಗದ ಮೇಲೆ ಯಾರೂ ಸುಮ್ಮನಿರಬೇಕಾಗಿಲ್ಲ. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನಕವನವನ್ನು ತುಂಗಾತೀರಕ್ಕೆ ತಂದು ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯು ಶಿಬಿರಗಳ ಅಚ್ಚುಮೆಚ್ಚಿನ ವಸ್ತುವಾಗಿರುವುದು ಅದರ ಕಥೆಯ ಸೊಗಸಿನಿಂದ ಮಾತ್ರವಲ್ಲ. ಅದರಲ್ಲಿ ಇಲಿಗಳು ಎಷ್ಟು ಬೇಕಾದರೂ ಇರಬಹುದು! ಪೂರ್ವಾರ್ಧದಲ್ಲಿ ಇಲಿಗಳಾಗಿ ಕಿಂದರಿಯ ನಾದಕ್ಕೆ ಮರುಳಾಗಿ ಹೊಳೆಗೆ ಬಿದ್ದವರೇ, ಬಾಲವನ್ನು ಬಿಚ್ಚಿಟ್ಟು, ಉತ್ತರಾರ್ಧದಲ್ಲಿ ಊರಿನ ಮಕ್ಕಳಾಗಿ ಬಂದು ಮತ್ತೆ ಅದೇ ಜೋಗಿಯನ್ನು ಹಿಂಬಾಲಿಸುತ್ತಾರೆ. ಗೌಡನ ಪಾತ್ರಕ್ಕೆ ಒಬ್ಬನೇ ಸಾಕು. ಇಲಿಗಳಿಲ್ಲದೆ ನಾಟಕವೇ ಇಲ್ಲ.

ಇದು ನಮಗೆ ಹೊರಗಿನಿಂದ ಬಂದ ಪದ್ಧತಿಯೂ ಅಲ್ಲ. ಭಾಗವತನ ಹಾಡಿಲ್ಲದೆ ಯಕ್ಷಗಾನದ ವೇಷವು ಹೆಜ್ಜೆಯಿಡದು. ಕಂಪೆನಿ ನಾಟಕದ ನಟನಿಗೆ ಕಂಠವೇ ಮೊದಲ ಬಂಡವಾಳವಾಗಿದ್ದಿತು. 1929ರಲ್ಲಿ ಜನಿಸಿದ ಬಿ. ವಿ. ಕಾರಂತರು ಬಾಲ್ಯದಲ್ಲಿಯೇ ಮನೆಬಿಟ್ಟು ಹೋಗಿ ಗುಬ್ಬಿ ಕಂಪೆನಿಯನ್ನು ಸೇರಿದವರು. ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತವನ್ನು ಕಲಿತು, ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕವನ್ನು ಕಲಿಸಿದವರು. ರವೀಂದ್ರರ ಕಥೆಯನ್ನು ಆಧರಿಸಿದ ಅವರ ‘ಪಂಜರ ಶಾಲೆ’ ಇಂದಿಗೂ ಮಕ್ಕಳ ರಂಗದಲ್ಲಿ ಜೀವಂತವಾಗಿದೆ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ‘ಅಳಿಲು ರಾಮಾಯಣ’ದಂತಹ ನಾಟಕಗಳನ್ನು ಆಡಿಸಿದರು. ಬಿ. ವಿ. ಕಾರಂತರು ಮೊದಲ ನಿರ್ದೇಶಕರಾಗಿದ್ದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿಣ್ಣರ ಮೇಳವು ಆ ನಗರದ ಮಕ್ಕಳಿಗೆ ಹಬ್ಬವೇ ಆಗಿದೆ.

ಹಾಡನ್ನು ಕಲಿಸುವ ಕ್ರಮವನ್ನು ಸಮೀಪದಿಂದ ನೋಡಬೇಕು. ಬಲ್ಲ ಶಿಕ್ಷಕನು ಮೊದಲ ದಿನ ಕಾಗದವನ್ನು ಹಂಚುವುದಿಲ್ಲ. ಕೈಯಲ್ಲಿ ಕಾಗದವಿದ್ದರೆ ಕಣ್ಣು ಅಲ್ಲಿಯೇ ನೆಟ್ಟು ಕಿವಿ ಮುಚ್ಚಿಹೋಗುತ್ತದೆಂಬುದು ಅವನ ಅನುಭವ. ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ, ತಾನೊಂದು ಸಾಲನ್ನು ಹಾಡಿ, ಅವರಿಂದ ಹಾಡಿಸಿ, ಚಪ್ಪಾಳೆಯಲ್ಲಿ ತಾಳವನ್ನು ನೆಲೆಗೊಳಿಸಿ, ಆ ಬಳಿಕ ನಡೆಯುತ್ತ ಹಾಡಿಸುತ್ತಾನೆ. ಏಕೆಂದರೆ ಕುಳಿತು ಕಲಿತ ಹಾಡು ಎದ್ದು ಕುಣಿಯತೊಡಗಿದೊಡನೆ ಉಸಿರು ಸಾಲದೆ ತುಂಡಾಗುತ್ತದೆ. ಶ್ರುತಿಯ ವಿಷಯದಲ್ಲಿ ಅನೇಕರು ತಪ್ಪುತ್ತಾರೆ. ಹಾರ್ಮೋನಿಯಂ ಹಿಡಿದ ಗಂಡಸು ತನ್ನ ಕಂಠಕ್ಕೆ ಒಪ್ಪುವ ಶ್ರುತಿಯಲ್ಲಿಯೇ ಆರಂಭಿಸಿದರೆ ಎಂಟು ವರ್ಷದ ಮಗು ಮಂದ್ರದಲ್ಲಿ ಗೊಣಗಬೇಕಾಗುತ್ತದೆ, ಆಗ ಅವನು “ಜೋರಾಗಿ ಹಾಡಿ!” ಎನ್ನುತ್ತಾನೆ, ಮಕ್ಕಳು ಕಿರಿಚುತ್ತಾರೆ, ಪ್ರದರ್ಶನದ ಹೊತ್ತಿಗೆ ಗಂಟಲುಗಳೆಲ್ಲ ಕಟ್ಟಿರುತ್ತವೆ. ಮಕ್ಕಳ ಕಂಠಕ್ಕಾಗಿ ಶ್ರುತಿಯನ್ನು ಏರಿಸಿದವನು ತಾನು ಕಷ್ಟಪಟ್ಟು ಹಾಡಿದರೂ ಅವರಿಂದ ಸುಖವಾಗಿ ಹಾಡಿಸುತ್ತಾನೆ.

ಸಿನಿಮಾ ಹಾಡಿನ ಧ್ವನಿಮುದ್ರಣವನ್ನು ಹಾಕಿ, ಮಕ್ಕಳಿಂದ ಬರಿದೆ ತುಟಿಯಾಡಿಸಿ, ದುಬಾರಿ ಬಾಡಿಗೆಯ ಉಡುಪು ತೊಡಿಸಿ ಕುಣಿಸುವ ಶಿಬಿರಗಳೂ ಈಗ ಉಂಟು. ಅದನ್ನು ಕಂಡಾಗ ನನಗೆ ವ್ಯಸನವಾಗುತ್ತದೆ. ಮಗುವಿನ ಕಂಠವನ್ನು ಕಸಿದುಕೊಂಡ ಮೇಲೆ ಹಾಡಿನ ನಾಟಕದಲ್ಲಿ ಉಳಿಯುವುದಾದರೂ ಏನು? ಹೆಸರು ಕೇಳಿದರೆ ಅಂಗಿಯ ತುದಿಯನ್ನು ಕಚ್ಚಿಕೊಳ್ಳುವ ಹುಡುಗಿಯೊಬ್ಬಳನ್ನು ನಾನು ಬಲ್ಲೆ. ಮೇಳದಲ್ಲಿ ಅಕ್ಕಪಕ್ಕದ ಧ್ವನಿಗಳು ಅವಳಿಗೆ ಮರೆಯಾಗಿದ್ದವು, ಆ ಮರೆಯಲ್ಲಿ ಅವಳು ತನ್ನ ಧ್ವನಿಯನ್ನು ತಾನೇ ಕೇಳಿಕೊಂಡಳು. ಎರಡನೆಯ ವಾರದಲ್ಲಿ ತಾಳ ತಪ್ಪಿದ ಪಕ್ಕದ ಹುಡುಗನನ್ನು ಮೊಣಕೈಯಿಂದ ತಿವಿದು ತಿದ್ದಿದವಳೂ ಅವಳೇ.

ಪ್ರದರ್ಶನದ ಸಂಜೆ ನೇಪಥ್ಯದಲ್ಲಿ ಹಳೆಯ ಸೀರೆಯನ್ನು ಹುರಿಮಾಡಿ ಕಟ್ಟಿದ ಬಾಲಗಳು, ಮುಖಕ್ಕೆ ಬಳಿದ ಬಣ್ಣ, ಬೆವರು, ಬಾಯಾರಿಕೆ. ದೀಪಗಳು ಬೆಳಗಿದೊಡನೆ ಮಕ್ಕಳಿಗೆ ಭಯವಾಗುತ್ತದೆ, ಭಯವಾದೊಡನೆ ಹಾಡು ಓಡತೊಡಗುತ್ತದೆ. ಢೋಲಕ್ ನುಡಿಸುವವನು ಒಂದೊಂದು ಪೆಟ್ಟನ್ನೂ ಗಟ್ಟಿಯಾಗಿ ಊರಿ, ಕಣ್ಣಿನಲ್ಲಿಯೇ ಅವರನ್ನು ಹಿಡಿದು ನಿಲ್ಲಿಸಿ, ಮರಳಿ ಲಯಕ್ಕೆ ತರುತ್ತಾನೆ. ಕಡೆಯಲ್ಲಿ ಮಕ್ಕಳೆಲ್ಲ ಬೆಟ್ಟದೊಳಗೆ ಮರೆಯಾಗಿ, ನಡೆಯಲಾರದೆ ಹಿಂದುಳಿದ ಹುಡುಗನೊಬ್ಬನೇ ಬರಿದಾದ ರಂಗದ ಮೇಲೆ ನಿಂತಾಗ, ಅದುವರೆಗೆ ತಮ್ಮ ತಮ್ಮ ಮಕ್ಕಳನ್ನೇ ಹುಡುಕುತ್ತಿದ್ದ ತಂದೆತಾಯಿಯರ ಕಣ್ಣುಗಳು ಅವನೊಬ್ಬನ ಮೇಲೆ ನೆಡುತ್ತವೆ.

ಆ ರಾತ್ರಿ ಆ ಹುಡುಗಿ ತಂದೆಯ ಸ್ಕೂಟರಿನ ಹಿಂದೆ ಕುಳಿತು ಹೊರಟಳು. ಎರಡನೆಯ ಅಂಕದಲ್ಲಿ ಬಿಚ್ಚಿಟ್ಟಿದ್ದ ಬಾಲವನ್ನು ಮತ್ತೆ ಕಟ್ಟಿಕೊಂಡಿದ್ದಳು. ಚಕ್ರಕ್ಕೆ ಸಿಕ್ಕೀತೆಂದು ಅದರ ತುದಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ತಿರುವಿನಲ್ಲಿ ಮರೆಯಾಗುವ ತನಕ ಇಲಿಗಳ ಹಾಡನ್ನೇ ಹಾಡುತ್ತಿದ್ದಳು.